ದುಡಿ ಯಾವುದರ ಸಂಕೇತ ಎಂದು ಕೇಳುವ ಮೊದಲು

ಪರೀಕ್ಷೆ, ಅಸೈನ್‌ಮೆಂಟ್ ಹತ್ತಿರವಾದಂತೆ ಒಂದೇ ಪ್ರಶ್ನೆ ನಾನಾ ವೇಷ ಹಾಕಿಕೊಂಡು ಬರುತ್ತದೆ: ‘ಇದು ಯಾವುದರ ಸಂಕೇತ?’ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಪೀಠಿಕೆ ಬೇಕು, ಪ್ಯಾರಾ ಬಿಡಿಸಬೇಕು ಎಂಬುದನ್ನೆಲ್ಲ ಮತ್ತೆ ಹೇಳುವುದಿಲ್ಲ.

ಪ್ರಶ್ನೆ: ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿಯ ಆಶಯ ಮತ್ತು ಸಂಕೇತಗಳ ಬಗ್ಗೆ 1,000 ಪದಗಳ ಪ್ರಬಂಧ ಬರೆಯಬೇಕಿತ್ತು. ಚೋಮ ಬಾರಿಸುವ ಆ ಚರ್ಮವಾದ್ಯದ ಬಗ್ಗೆ ‘ದುಡಿ ಶೋಷಣೆಯ ಸಂಕೇತ’ ಎಂದು ಬರೆದೆ. ಮೇಡಂ ‘ಇದು ಕಥಾಸಾರ, ವಿಶ್ಲೇಷಣೆಯಲ್ಲ’ ಎಂದು ವಾಪಸ್ ಕೊಟ್ಟರು. ತಪ್ಪಿದ್ದು ಎಲ್ಲಿ?
– ಬಿ.ಎ. ವಿದ್ಯಾರ್ಥಿನಿ, ಬಸವನಗುಡಿ

ಉತ್ತರ: ಎರಡು ಕಡೆ ತಪ್ಪಿದೆ. ಮೊದಲನೆಯದು, ‘ಶೋಷಣೆ’ ಕಾದಂಬರಿಯ ವಸ್ತು, ಆಶಯವಲ್ಲ. ವಸ್ತುವನ್ನು ಒಂದು ಪದದಲ್ಲಿ ಹೇಳಿಬಿಡಬಹುದು. ಆಶಯ ಹೇಳುವುದಕ್ಕೆ ಪೂರ್ತಿ ವಾಕ್ಯ ಬೇಕು, ಅದನ್ನು ಓದಿದವರು ಯಾರಾದರೂ ‘ಇಲ್ಲ, ನಾನು ಒಪ್ಪುವುದಿಲ್ಲ’ ಎನ್ನುವಂತಿರಬೇಕು. ‘ಕಾದಂಬರಿಯಲ್ಲಿ ಶೋಷಣೆ ಇದೆ’ ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಹಾಗಾಗಿ ಅಲ್ಲಿ ನೀವು ಸಾಧಿಸಿ ತೋರಿಸಬೇಕಾದದ್ದೂ ಏನೂ ಉಳಿಯುವುದಿಲ್ಲ. ಜಾಗ ತುಂಬಿಸಲು ಕಥೆ ಹೇಳುತ್ತಾ ಹೋಗುತ್ತೀರಿ.

ಎರಡನೆಯದು, ಅರ್ಥವನ್ನು ಮೊದಲೇ ನಿಶ್ಚಯಿಸಿಕೊಂಡು ಅದನ್ನು ದುಡಿಗೆ ಅಂಟಿಸಿದ್ದೀರಿ. ಕೆಲಸ ಸಾಗಬೇಕಾದದ್ದು ಇದರ ಉಲ್ಟಾ ದಿಕ್ಕಿನಲ್ಲಿ.

ಪುಸ್ತಕವನ್ನು ಪೆನ್ಸಿಲ್ ಹಿಡಿದು ಎರಡನೇ ಸಲ ಓದಿ. ದುಡಿ ಬಂದ ಪ್ರತಿ ಕಡೆ ಗುರುತು ಹಾಕಿ, ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಪುಟ ಸಂಖ್ಯೆ, ನುಡಿಸುವ ಮುಂಚೆ ನಡೆದದ್ದೇನು, ಅದು ಯಾರ ಕಿವಿಗೆ ಬಿತ್ತು, ನುಡಿಸಿದ ಮೇಲೆ ಏನು ಬದಲಾಯಿತು. ನಾಲ್ಕನೆಯದನ್ನು ಬಹಳ ಮಂದಿ ಖಾಲಿ ಬಿಡುತ್ತಾರೆ. ನಿಮ್ಮ ಪ್ರಬಂಧ ಹುಟ್ಟುವುದು ಆ ಕಾಲಂನಲ್ಲಿ. ಎತ್ತುಗಳಿಗೂ ಇಂಥದ್ದೇ ಇನ್ನೊಂದು ಹಾಳೆ ಮಾಡಿ. ಯಾಕೆಂದರೆ ಒಂಟಿ ಸಂಕೇತ ಬೇಗ ಬಾಯಿ ಬಿಡುವುದಿಲ್ಲ, ಪಕ್ಕದಲ್ಲಿ ಇನ್ನೊಂದನ್ನು ಇಟ್ಟಾಗ ಮಾತಾಡುತ್ತದೆ.

ಈಗ ಎರಡೂ ಹಾಳೆ ಎದುರಿಟ್ಟುಕೊಂಡು ನೋಡಿ. ಅಸ್ಪೃಶ್ಯನೆನಿಸಿಕೊಂಡ ಜೀತದಾಳು ಚೋಮನಿಗೆ ಎತ್ತುಗಳಿವೆ, ಹೂಡಲು ಭೂಮಿಯಿಲ್ಲ. ಧಣಿಯಿಂದ ಅದು ಸಿಗುವುದೂ ಇಲ್ಲ. ಕಾಫಿ ತೋಟದ ಸಾಲಕ್ಕೆ ಮಕ್ಕಳ ದುಡಿಮೆ ಹೋಗುತ್ತದೆ. ಎತ್ತು ಅವನ ಆಸೆಯನ್ನು ತೋರಿಸುತ್ತದೆ, ಆದರೆ ಆ ಆಸೆ ಈಡೇರುವುದು ಇನ್ನೊಬ್ಬರ ಒಪ್ಪಿಗೆ ಇದ್ದರೆ ಮಾತ್ರ. ದುಡಿಗೆ ಯಾರ ಒಪ್ಪಿಗೆಯೂ ಬೇಡ. ಸಿಟ್ಟು ಬಂದಾಗಲೂ ಸಂಕಟವಾದಾಗಲೂ ಅವನ ಕೈ ಹೋಗುವುದು ಅದಕ್ಕೇ. ಆದರೆ ನುಡಿಸಿದ ಮಾತ್ರಕ್ಕೆ ಹೊರಗಿನ ಲೋಕ ಒಂದಿಷ್ಟೂ ಬದಲಾಗುವುದಿಲ್ಲ. ಕೊನೆಗೆ ದುಡಿ ನುಡಿಸುತ್ತಲೇ ಸಾಯುತ್ತಾನೆ.

ಇನ್ನೊಂದು ವಿಷಯ ಕನ್ನಡದಲ್ಲಿ ಓದುವವರಿಗಷ್ಟೇ ಸಿಗುತ್ತದೆ, ನೀವು ಅದನ್ನು ಬಿಟ್ಟಿದ್ದೀರಿ. ‘ದುಡಿ’ ವಾದ್ಯದ ಹೆಸರೂ ಹೌದು, ‘ಕೆಲಸ ಮಾಡು’ ಎಂಬ ಕ್ರಿಯಾಪದವೂ ಹೌದು. ದುಡಿತ ಪರರ ಪಾಲು, ದುಡಿ ಮಾತ್ರ ತನ್ನದು. ಶೀರ್ಷಿಕೆಯಲ್ಲೇ ಈ ಎರಡು ಅರ್ಥ ಇವೆ ಎಂದು ಒಂದು ಸಾಲಿನಲ್ಲಿ ಹೇಳಿ, ತಕ್ಷಣ ಕಾದಂಬರಿಯಿಂದ ಆಧಾರ ಕೊಡಿ. ಆಧಾರವಿಲ್ಲದೆ ಬಿಟ್ಟರೆ ಅದು ಬರೀ ಪದಚಮತ್ಕಾರ.

ಇಷ್ಟಾದ ಮೇಲೆ ಆಶಯದ ವಾಕ್ಯ ಹೀಗೆ ಬರಬಹುದು: ‘ಭೂಮಿಯ ಹಕ್ಕನ್ನು ಜಾತಿ ಕಿತ್ತುಕೊಂಡ ಕಡೆ ಮನುಷ್ಯನಿಗೆ ದನಿ ಉಳಿದರೂ ಅದಕ್ಕೆ ಕೇಳುಗರಿರುವುದಿಲ್ಲ, ಎತ್ತಿನಿಂದ ದುಡಿಯ ಕಡೆಗೆ ಸಾಗುವ ಚೋಮನ ಬದುಕು ಇದನ್ನು ಕಾಣಿಸುತ್ತದೆ.’ ನನ್ನ ವಾಕ್ಯ ನಕಲು ಮಾಡಬೇಡಿ. ನಿಮ್ಮ ಹಾಳೆಯಲ್ಲಿ ಬೇರೇನೋ ಕಂಡರೆ ಅದನ್ನೇ ಬರೆಯಿರಿ.

ಅಳತೆ ಹೀಗಿರಲಿ: ಪೀಠಿಕೆ 120 ಪದ, ಅದರ ಕೊನೆಯ ಸಾಲು ಆಶಯದ ವಾಕ್ಯ. ಆಮೇಲೆ ತಲಾ 220 ಪದಗಳ ಮೂರು ಪ್ಯಾರಾ. ಸಂಕೇತ ಮೊದಲು ಕಾಣಿಸುವ ಜಾಗಕ್ಕೆ ಒಂದು, ಅದರ ಅರ್ಥ ತಿರುಗುವ ಜಾಗಕ್ಕೆ ಒಂದು, ಕೊನೆಯ ದೃಶ್ಯಕ್ಕೆ ಒಂದು. 120 ಪದ ಎದುರು ವಾದಕ್ಕೆ: ‘ದುಡಿ ಚೋಮನಿಗೆ ಬರೀ ಮೈಮರೆವು ಅಲ್ಲವೇ?’ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಉಳಿದ 100 ಮುಕ್ತಾಯಕ್ಕೆ. ಒಂದು ಪ್ಯಾರಾದಲ್ಲಿ ಉದ್ಧರಣೆ ಎರಡು ಸಾಲು ದಾಟಬಾರದು, ಅದರ ವಿವರಣೆ ಕನಿಷ್ಠ ಅದರ ಎರಡರಷ್ಟು ಇರಬೇಕು. ವಿವರಿಸುವಾಗ ಆ ಸಾಲಿನ ಒಂದು ನಿರ್ದಿಷ್ಟ ಪದಕ್ಕೆ ಬೆರಳಿಟ್ಟು ಮಾತಾಡಿ.

ಬರೆದು ಮುಗಿಸಿದ ಮೇಲೆ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಒಟ್ಟಿಗೆ ಓದಿ. ‘ನಂತರ ಚೋಮನು…’, ‘ಬಳಿಕ (ಚೋಮನ ಮಗಳು) ಬೆಳ್ಳಿಯು…’ ಎಂದು ಸಾಗಿದರೆ ನೀವು ಕಥೆ ಹೇಳಿದ್ದೀರಿ, ಮೇಡಂ ಹೇಳಿದ್ದು ಸರಿ. ವಾದ ಒಂದೊಂದೇ ಮೆಟ್ಟಿಲು ಮುಂದೆ ಹೋದರೆ ಮಾತ್ರ ಅದು ವಿಶ್ಲೇಷಣೆ. ‘ಲೇಖಕರು ಮನೋಜ್ಞವಾಗಿ ಚಿತ್ರಿಸಿದ್ದಾರೆ’ ಎಂಬ ಸಾಲು ಎಲ್ಲಿದ್ದರೂ ಹೊಡೆದು ಹಾಕಿ.

ಒಂದು ಎಚ್ಚರಿಕೆ. ಕಾದಂಬರಿ ಶಿವರಾಮ ಕಾರಂತರದು, 1933ರದು. ಸಿನಿಮಾ ಬಿ.ವಿ. ಕಾರಂತರದು, 1975ರದು. ಸಿನಿಮಾ ನೋಡಿ ಕಾದಂಬರಿಯ ಬಗ್ಗೆ ಬರೆಯುವವರು, ಬರೀ ‘ಕಾರಂತರು’ ಎಂದು ಇಬ್ಬರನ್ನೂ ಒಬ್ಬರನ್ನಾಗಿ ಮಾಡುವವರು ಮೊದಲ ಪುಟದಲ್ಲೇ ಸಿಕ್ಕಿಬೀಳುತ್ತಾರೆ.

ಪ್ರಶ್ನೆ: ಕಪ್ಪು ಎಂದರೆ ದುಃಖ, ಮಳೆ ಎಂದರೆ ಪುನರ್ಜನ್ಮ, ಹೀಗೆ ಸಂಕೇತಗಳ ಪಟ್ಟಿಯ ಪಿಡಿಎಫ್ ನಮ್ಮ ಗ್ರೂಪ್‌ನಲ್ಲಿದೆ. ನಂಬಬಹುದೇ?
– ವಿಜಯನಗರ

ಉತ್ತರ: ಡಿಲೀಟ್ ಮಾಡಿ. ನಮ್ಮ ನೆಲದಲ್ಲಿ ಕರಿಮೋಡ ಕಂಡರೆ ರೈತ ಹಿಗ್ಗುತ್ತಾನೆ, ಮದುವೆಯಲ್ಲಿ ಕರಿಮಣಿ ಕಟ್ಟುತ್ತಾರೆ. ಕಪ್ಪನ್ನು ದುಃಖಕ್ಕೆ ಗಂಟುಹಾಕಿದವರು ಯಾವ ಪುಸ್ತಕವನ್ನೂ ತೆರೆದಿಲ್ಲ. ಅವೆನ್ಯೂ ರಸ್ತೆಯಲ್ಲಿ ಸಿಗುವ ಗೈಡುಗಳಿಗೂ, ಮೊಬೈಲಿನ ಎಐ ಬರೆದುಕೊಡುವ ಸಿದ್ಧ ಉತ್ತರಕ್ಕೂ ಇದೇ ಮಾತು. ಅವುಗಳಲ್ಲಿರುವ ಉದ್ಧರಣೆ ಮೂಲದಲ್ಲಿ ಇದೆಯೇ ಎಂದು ಪುಟ ತಿರುಗಿಸಿ ನೋಡದೆ ಒಂದಕ್ಷರವನ್ನೂ ಎತ್ತಿಕೊಳ್ಳಬೇಡಿ.

ಪ್ರಶ್ನೆ: ಕಥೆಯಲ್ಲಿ ನಾಯಕಿ ಮೆಜೆಸ್ಟಿಕ್‌ನಿಂದ ಇಂದಿರಾನಗರಕ್ಕೆ ಮೆಟ್ರೋದಲ್ಲಿ ಹೋಗುತ್ತಾಳೆ. ಮೆಟ್ರೋ ನಗರದ ಒಂಟಿತನದ ಸಂಕೇತವೇ?
– ಯಲಹಂಕ

ಉತ್ತರ: ಒಂದೇ ಸಲ ಬಂದಿದ್ದರೆ ಅದು ಪ್ರಯಾಣ, ಅಷ್ಟೇ. ಮತ್ತೆ ಮತ್ತೆ ಬಂದರೆ, ತಿರುವಿನ ಜಾಗದಲ್ಲಿ ಬಂದರೆ, ಅಥವಾ ಕಥೆಗೆ ಅಗತ್ಯವಿಲ್ಲದಷ್ಟು ವಿವರ ಅದಕ್ಕೆ ಸಿಕ್ಕಿದ್ದರೆ ಆಗ ಅನುಮಾನಿಸಿ.

ಪ್ರಶ್ನೆ: ಸಂಕೇತ, ಪ್ರತಿಮೆ, ರೂಪಕ, ಧ್ವನಿ ಎಲ್ಲ ಒಂದೇ ಅಲ್ಲವೇ?
– ಮಲ್ಲೇಶ್ವರ

ಉತ್ತರ: ಅಲ್ಲ. ಕಣ್ಣಿಗೆ, ಕಿವಿಗೆ, ಮೈಗೆ ತಾಕುವಂತೆ ಕಟ್ಟಿದ ಚಿತ್ರ ಪ್ರತಿಮೆ. ‘ಮುಖ ಚಂದ್ರ’ ಎಂದು ಒಂದನ್ನು ಇನ್ನೊಂದೇ ಎನ್ನುವುದು ರೂಪಕ. ಸಂಕೇತ ಕಥೆಯೊಳಗೆ ವಸ್ತುವಾಗಿಯೂ ಇರುತ್ತದೆ: ದುಡಿಯನ್ನು ಚೋಮ ಕೈಯಲ್ಲಿ ಹಿಡಿದು ನುಡಿಸಬಲ್ಲ. ಧ್ವನಿ ಎಂದರೆ ಮಾತು ತನ್ನ ನೇರ ಅರ್ಥ ದಾಟಿ ಸೂಚಿಸುವ ಅರ್ಥ, ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನನ ‘ಧ್ವನ್ಯಾಲೋಕ’ದ ವಿಚಾರ. ಅದನ್ನು ಓದದೆ ಪ್ರಬಂಧಕ್ಕೆ ತುರುಕಬೇಡಿ.

ಪ್ರಶ್ನೆ: ಲೇಖಕರು ಇಷ್ಟೆಲ್ಲ ಯೋಚಿಸಿಯೇ ಬರೆದಿರುತ್ತಾರಾ?
– ರಾಜಾಜಿನಗರ

ಉತ್ತರ: ಗೊತ್ತುಮಾಡಿಕೊಳ್ಳುವ ಅಗತ್ಯವೇ ಇಲ್ಲ. ‘ಲೇಖಕರ ಉದ್ದೇಶ’ ಎಂದು ಬರೆದ ಕಡೆಯೆಲ್ಲ ‘ಕೃತಿಯಲ್ಲಿ’ ಎಂದು ತಿದ್ದಿ, ಪುಟ ಸಂಖ್ಯೆ ಹಾಕಿ.

ಪ್ರಶ್ನೆ: ಪೀಠಿಕೆಯಲ್ಲಿ ಲೇಖಕರ ಹುಟ್ಟೂರು, ಪ್ರಶಸ್ತಿ ಬರೆದರೆ ಅಂಕ ಹೆಚ್ಚುತ್ತದೆಯೇ?
– ಕೆಂಗೇರಿ

ಉತ್ತರ: ಇಲ್ಲ. 120 ಪದಗಳಲ್ಲಿ 60 ಅಲ್ಲೇ ಖರ್ಚಾಗುತ್ತವೆ.