ಕ್ರೀಡಾ ಪ್ರಶ್ನೋತ್ತರ: ರಿಂಗಿನ ಕೆಳಗೆ ನಡೆಯುವ ಆಟ

ಪ್ರಶ್ನೆ: ಅಮೆರಿಕದ ಮಹಿಳಾ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಡಬ್ಲ್ಯುಎನ್‌ಬಿಎ ಪಂದ್ಯಗಳನ್ನು ಎರಡು ವರ್ಷಗಳಿಂದ ತಪ್ಪದೆ ನೋಡುತ್ತಿದ್ದೇನೆ. ಡಂಕ್ (ಜಿಗಿದು ಚೆಂಡನ್ನು ಮೇಲಿನಿಂದ ರಿಂಗಿನೊಳಗೆ ತುರುಕುವುದು) ಇಲ್ಲ, ಚೆಂಡು ಕೈತಪ್ಪುವುದು ಹೆಚ್ಚು, ಹೀಗಾಗಿ ಇದು ಎರಡನೇ ದರ್ಜೆಯ ಆಟ ಎಂದು ಗೆಳೆಯರು ಹೇಳುತ್ತಾರೆ. ಅವರಿಗೆ ಏನೆಂದು ಉತ್ತರಿಸಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ನ್ಯೂಯಾರ್ಕಿನಲ್ಲಿ ಸಂಜೆ ಏಳಕ್ಕೆ ಆರಂಭವಾಗುವ ಪಂದ್ಯಕ್ಕೆ ನಮ್ಮಲ್ಲಿ ನಸುಕಿನ ನಾಲ್ಕೂವರೆಗೆ ಏಳಬೇಕು. ಅಷ್ಟು ನಿದ್ದೆಗೆಟ್ಟು ನೋಡುವ ನಿಮಗೆ ಉತ್ತರದ ಅರ್ಧ ಭಾಗ ಆಗಲೇ ಗೊತ್ತಿರಬೇಕು. ಪುರುಷರಿಗೂ ಮಹಿಳೆಯರಿಗೂ ರಿಂಗ್ ಇರುವುದು 10 ಅಡಿ ಎತ್ತರದಲ್ಲೇ. ಆದರೆ ಪುರುಷರ ಲೀಗ್ ಆದ ಎನ್‌ಬಿಎಯ ಆಟಗಾರರ ಸರಾಸರಿ ಎತ್ತರ ಆರೂವರೆ ಅಡಿಯಷ್ಟಿದ್ದರೆ ಡಬ್ಲ್ಯುಎನ್‌ಬಿಎ ಆಟಗಾರ್ತಿಯರದು ಸುಮಾರು 6 ಅಡಿ. ಲೀಗಿನಲ್ಲಿ ಮೊದಲ ಡಂಕ್ ಮಾಡಿದವರು ಲಿಸಾ ಲೆಸ್ಲಿ, ಅದೂ 2002ರಲ್ಲಿ, ಅಂದರೆ ಲೀಗ್ ಶುರುವಾದ ಆರನೇ ಋತುವಿನಲ್ಲಿ. ಆದ್ದರಿಂದ ಈ ಆಟದ ಗುಣಮಟ್ಟವನ್ನು ರಿಂಗಿನ ಮೇಲೆ ಅಳೆಯಲು ಹೊರಟರೆ ಅಲ್ಲಿ ಸಿಗುವುದು ಬಹಳ ಕಡಿಮೆ. ಕೆಳಗೆ, ಕಾಲುಗಳ ಚಲನೆಯಲ್ಲಿ, ಪಾಸಿನ ಸಮಯದಲ್ಲಿ, ಇಬ್ಬರು ರಕ್ಷಕಿಯರ ನಡುವೆ ತೆರೆದುಕೊಳ್ಳುವ ಅರೆಕ್ಷಣದ ಜಾಗದಲ್ಲಿ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ.

ಗುರಿಯ ವಿಷಯದಲ್ಲಂತೂ ಚರ್ಚೆಗೆ ಹೆಚ್ಚು ಜಾಗವಿಲ್ಲ. 2023ರ ಮೂರು ಪಾಯಿಂಟ್ ಸ್ಪರ್ಧೆಯ (ದೂರದ ಗೆರೆಯಾಚೆಯಿಂದ ಎಸೆಯುವ ಸ್ಪರ್ಧೆ) ಅಂತಿಮ ಸುತ್ತಿನಲ್ಲಿ ನ್ಯೂಯಾರ್ಕ್ ಲಿಬರ್ಟಿ ತಂಡದ ಸಬ್ರಿನಾ ಅಯೊನೆಸ್ಕು 40ರಲ್ಲಿ 37 ಅಂಕ ಗಳಿಸಿದರು. ಮರುವರ್ಷ ಎನ್‌ಬಿಎಯ ಸ್ಟೀಫನ್ ಕರಿ ಅವರ ಎದುರು, ಇನ್ನೂ ದೂರವಿರುವ ಪುರುಷರ ಗೆರೆಯಿಂದಲೇ ಎಸೆದು 29ಕ್ಕೆ 26 ಅಂಕಗಳಿಂದ ಸೋತರು. ಅವರು ಬಳಸಿದ್ದು ಮಹಿಳೆಯರ ಚೆಂಡನ್ನು, ಅಂದರೆ ಸುತ್ತಳತೆಯಲ್ಲಿ 28.5 ಅಂಗುಲದ, ಪುರುಷರದಕ್ಕಿಂತ ಒಂದು ಅಂಗುಲ ಚಿಕ್ಕದಾದ ಚೆಂಡನ್ನು ಎಂಬುದನ್ನೂ ಹೇಳಿಬಿಡಬೇಕು.

ಚೆಂಡು ಕೈತಪ್ಪುವ ಬಗ್ಗೆ ನಿಮ್ಮ ಗೆಳೆಯರ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಕಾರಣವನ್ನು ಅವರು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ. 2024ರಲ್ಲಿ ಇಂಡಿಯಾನಾ ಫೀವರ್ ತಂಡಕ್ಕೆ ಬಂದ ಕೇಟ್ಲಿನ್ ಕ್ಲಾರ್ಕ್ ಒಂದೇ ಋತುವಿನಲ್ಲಿ 337 ಅಸಿಸ್ಟ್ (ಜೊತೆಗಾತಿಯ ಅಂಕಕ್ಕೆ ದಾರಿ ಮಾಡುವ ಪಾಸ್) ನೀಡಿ ದಾಖಲೆ ಮಾಡಿದರು. ಅದೇ ಋತುವಿನಲ್ಲಿ 223 ಬಾರಿ ಚೆಂಡು ಕಳೆದುಕೊಂಡು ಇನ್ನೊಂದು ದಾಖಲೆಯನ್ನೂ ಮಾಡಿದರು. ಎರಡೂ ಒಂದೇ ಕೈಯ ಕೆಲಸ. ಆ ತಂಡ ಮೊದಲ 20 ದಿನಗಳಲ್ಲಿ 11 ಪಂದ್ಯ ಆಡಬೇಕಾಗಿ ಬಂದಿತ್ತು. ಒಂದು ಪಂದ್ಯ, ಪ್ರಯಾಣ, ಮತ್ತೊಂದು ಪಂದ್ಯ ಎಂಬ ಲೆಕ್ಕದಲ್ಲಿ ಅಭ್ಯಾಸಕ್ಕೆ ದಿನ ಎಲ್ಲಿಂದ ಬರಬೇಕು? ಪಾಸ್ ಬರುವ ಮುಂಚೆಯೇ ಅದು ಎಲ್ಲಿಗೆ ಬರುತ್ತದೆಂದು ಜೊತೆಗಾತಿಗೆ ತಿಳಿದಿರಬೇಕು, ಮತ್ತು ಆ ತಿಳಿವಳಿಕೆ ಬರುವುದು ಒಟ್ಟಿಗೆ ಅಭ್ಯಾಸ ಮಾಡಿದಾಗ ಮಾತ್ರ. ಮೊದಲ ಒಂಬತ್ತು ಪಂದ್ಯಗಳಲ್ಲಿ ಎಂಟನ್ನು ಸೋತ ಆ ತಂಡ ಕೊನೆಗೆ 20 ಗೆದ್ದು 20 ಸೋತು ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್ ಸುತ್ತು ತಲುಪಿತು. ಆಟಗಾರ್ತಿಯರು ಬಹುಪಾಲು ಅವರೇ ಆಗಿದ್ದರು. ಒಬ್ಬರನ್ನೊಬ್ಬರು ಅರಿತುಕೊಳ್ಳಲು ಸಮಯ ಸಿಕ್ಕಿತ್ತು, ಅಷ್ಟೇ.

ಪ್ರಶ್ನೆ: ನಾನು ಶಾಲೆಯಲ್ಲಿ ದೈಹಿಕ ಶಿಕ್ಷಕ. ಇಷ್ಟು ನುರಿತ ಆಟಗಾರ್ತಿಯರಿಗೆ ಕೋಚ್ ಹೊಸದಾಗಿ ಕಲಿಸುವುದಾದರೂ ಏನನ್ನು?
– ಓದುಗರೊಬ್ಬರು, ಹಾಸನ

ಉತ್ತರ: ನೀವು ಮಕ್ಕಳಿಗೆ ಲೇಅಪ್ (ಓಡಿ ಬಂದು ರಿಂಗಿನ ಹತ್ತಿರದಿಂದ ಚೆಂಡು ಹಾಕುವುದು) ಕಲಿಸುವ ಅರ್ಥದಲ್ಲಿ ಅಲ್ಲಿ ಯಾರೂ ಏನನ್ನೂ ಕಲಿಸುವುದಿಲ್ಲ. ಯಾರು ಯಾರ ಜೊತೆ, ಯಾವ ಹೊತ್ತಿನಲ್ಲಿ, ಅಂಗಳದ ಯಾವ ಮೂಲೆಯಲ್ಲಿ ನಿಂತರೆ ಇರುವ ಕೌಶಲ ಹೊರಬರುತ್ತದೆ ಎಂಬುದನ್ನು ಕಂಡುಹಿಡಿಯುವುದೇ ಅವರ ಕೆಲಸದ ತಿರುಳು. ಅದಕ್ಕೆ ಲಾಸ್ ವೇಗಾಸ್ ಏಸಸ್ ತಂಡದ 2025ರ ಋತುವಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಆ ವರ್ಷದ ಆಗಸ್ಟ್ 2ರಂದು ಏಸಸ್ ತನ್ನದೇ ಅಂಗಳದಲ್ಲಿ ಮಿನೆಸೋಟ ಲಿಂಕ್ಸ್ ಎದುರು 111–58ರಿಂದ, ಅಂದರೆ 53 ಅಂಕಗಳ ಅಂತರದಿಂದ ಸೋತಿತು. ಅಲ್ಲಿಗೆ ಅದರ ಲೆಕ್ಕ 14 ಗೆಲುವು, 14 ಸೋಲು. ಮರುದಿನವೇ ಇನ್ನೊಂದು ಪಂದ್ಯವಿತ್ತು. ಕೋಚ್ ಬೆಕಿ ಹ್ಯಾಮನ್ ಆ ಪಂದ್ಯದಲ್ಲಿ ಆರಂಭದ ಐವರಿಂದ ಜುವೆಲ್ ಲಾಯ್ಡ್ ಅವರನ್ನು ಬೆಂಚಿಗೆ ತಂದರು. ಲಾಯ್ಡ್ ಎಂದರೆ ಸಿಯಾಟಲ್ ತಂಡದಲ್ಲಿ ವರ್ಷಗಟ್ಟಲೆ ಮೊದಲ ನಿಮಿಷದಿಂದ ಆಡಿ ರೂಢಿಯಿದ್ದವರು. ಅಂಥವರನ್ನು ಕೂರಿಸುವುದು ಹೆಸರಿಗೆ ಕುಂದು ತರುವ ಕೆಲಸದಂತೆ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಆದದ್ದು ಇಷ್ಟು: ಆರಂಭದ ಐವರಲ್ಲಿ ಏಜಾ ವಿಲ್ಸನ್, ಜಾಕಿ ಯಂಗ್, ಚೆಲ್ಸೀ ಗ್ರೇ ಮೂವರಿಗೂ ಚೆಂಡು ಬೇಕು, ನಾಲ್ಕನೆಯವರಾಗಿ ಲಾಯ್ಡ್‌ಗೂ ಬೇಕೆಂದರೆ ಯಾರಿಗೂ ಹೊಟ್ಟೆ ತುಂಬುವುದಿಲ್ಲ. ಅವರ ಬದಲು ಬಂದ ಕಿಯರ್‌ಸ್ಟನ್ ಬೆಲ್ ಚೆಂಡನ್ನು ಕೇಳದೆ ಎದುರಾಳಿಯನ್ನು ಕಾಯುವ ಕೆಲಸ ಮಾಡಿದರು, ಮತ್ತು ಉಳಿದವರು ವಿಶ್ರಾಂತಿಗೆ ಹೋದಾಗ ಲಾಯ್ಡ್‌ಗೆ ಬೇಕಾದಷ್ಟು ಚೆಂಡು ಸಿಕ್ಕಿತು. ಅಂದಿನಿಂದ ಲೀಗ್ ಹಂತ ಮುಗಿಯುವವರೆಗೆ ಏಸಸ್ ಆಡಿದ 16 ಪಂದ್ಯಗಳನ್ನೂ ಗೆದ್ದಿತು.

ಫೈನಲ್‌ನ ಮೂರನೇ ಪಂದ್ಯದಲ್ಲಿ ಫೀನಿಕ್ಸ್ ಮರ್ಕ್ಯುರಿ ಕೊನೆಯ ಕ್ವಾರ್ಟರ್‌ನಲ್ಲಿ ಬೆನ್ನಟ್ಟಿ ಬಂದು ಅಂಕಗಳನ್ನು 88–88ಕ್ಕೆ ತಂದು ನಿಲ್ಲಿಸಿತು. ಉಳಿದದ್ದು ಕೆಲವೇ ಸೆಕೆಂಡು. ಚೆಂಡು ವಿಲ್ಸನ್ ಕೈಗೆ ಬಂತು, ಇಬ್ಬರು ಮುತ್ತಿಕೊಂಡರು, ಅವರು ತಿರುಗಿ ಹಿಂದಕ್ಕೆ ವಾಲಿಕೊಂಡೇ ಎಸೆದರು; ಚೆಂಡು ಬಲೆಯೊಳಗೆ ಬಿದ್ದಾಗ ಗಡಿಯಾರದಲ್ಲಿ 0.3 ಸೆಕೆಂಡು ಉಳಿದಿತ್ತು. ಏಸಸ್ ಆ ಸರಣಿಯನ್ನು 4–0ರಿಂದ ಗೆದ್ದಿತು.

ಕೂರಿಸುವುದಷ್ಟೇ ಅಲ್ಲ, ಕೂರಿಸದೇ ಇರುವುದೂ ತೀರ್ಮಾನವೇ. 2024ರ ಫೈನಲ್‌ನ ನಿರ್ಣಾಯಕ ಐದನೇ ಪಂದ್ಯದಲ್ಲಿ ಇದೇ ಅಯೊನೆಸ್ಕು 19 ಬಾರಿ ಎಸೆದು ಒಂದನ್ನು ಮಾತ್ರ ಹಾಕಿದರು. ನ್ಯೂಯಾರ್ಕ್ ಲಿಬರ್ಟಿ ಕೋಚ್ ಸ್ಯಾಂಡಿ ಬ್ರಾಂಡೆಲೊ ಆದರೂ ಅವರನ್ನು ಅಂಗಳದಲ್ಲೇ ಇಟ್ಟರು. ಎಷ್ಟು ತಪ್ಪಿದರೂ ಅವರನ್ನು ಬಿಟ್ಟು ದೂರ ಹೋಗಲು ರಕ್ಷಕಿಗೆ ಧೈರ್ಯ ಬರುವುದಿಲ್ಲ. ಆ ಹೆದರಿಕೆಯಿಂದಲೇ ಒಳಗಿದ್ದವರಿಗೆ ಜಾಗ ಸಿಗುತ್ತದೆ. ಲಿಬರ್ಟಿ ಹೆಚ್ಚುವರಿ ಅವಧಿಯಲ್ಲಿ 67–62ರಿಂದ ಗೆದ್ದು ತನ್ನ ಮೊದಲ ಪ್ರಶಸ್ತಿ ಪಡೆಯಿತು. ನೋಡಲು ಚೆಂದದ ಪಂದ್ಯವಾಗಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ.

ನಿಮ್ಮ ಶಾಲೆಗೂ ಉಪಯೋಗಕ್ಕೆ ಬರಬಹುದಾದ ಒಂದು ಸಂಗತಿ: ಈ ತಂಡಗಳು ಅಭ್ಯಾಸಕ್ಕೆ ಪುರುಷ ಆಟಗಾರರನ್ನು ಕರೆಸಿಕೊಳ್ಳುತ್ತವೆ. ಅವರು ಮುಂದಿನ ಎದುರಾಳಿಯ ಚಲನೆಗಳನ್ನು ಅನುಕರಿಸಿ ಆಡುತ್ತಾರೆ. ತಂಡದವರಿಗೆ ಅಭ್ಯಾಸವೂ ಆಗುತ್ತದೆ, ದಣಿದವರಿಗೆ ವಿಶ್ರಾಂತಿಯೂ ಸಿಗುತ್ತದೆ.

ಪ್ರಶ್ನೆ: ಈ ಲೀಗಿನಲ್ಲಿ ಕೋಚ್‌ಗಳಾಗಿ ಹೆಣ್ಣುಮಕ್ಕಳೇ ಇರುತ್ತಾರೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇಬ್ಬರೂ ಇರುತ್ತಾರೆ. 1997ರಿಂದ 2003ರವರೆಗಿನ ಏಳೂ ಪ್ರಶಸ್ತಿಗಳು ಪುರುಷ ಕೋಚ್‌ಗಳ ತಂಡಗಳಿಗೇ ಹೋದವು. 2004ರಲ್ಲಿ ಸಿಯಾಟಲ್ ಸ್ಟಾರ್ಮ್ ತಂಡದ ಆ್ಯನ್ ಡೊನೊವನ್ ಆ ಸಾಲನ್ನು ಮುರಿದರು. ಆಮೇಲೆ ಮಿನೆಸೋಟದ ಶೆರಿಲ್ ರೀವ್ ನಾಲ್ಕು ಬಾರಿ, ಹ್ಯಾಮನ್ ಮೂರು ಬಾರಿ ಗೆದ್ದಿದ್ದಾರೆ.

ಪ್ರಶ್ನೆ: ಗೆದ್ದ ಕೋಚ್‌ಗಳನ್ನೂ ಬದಲಿಸುತ್ತಾರಂತೆ. ಇದು ಆಟಕ್ಕೆ ಒಳ್ಳೆಯದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ. 2024ರ ಋತು ಮುಗಿದ ಮೇಲೆ 12 ತಂಡಗಳಲ್ಲಿ ಏಳು ತಂಡಗಳ ಕೋಚ್‌ಗಳು ಬದಲಾದರು. ಹಿಂದಿನ ವರ್ಷ 13 ಪಂದ್ಯ ಗೆದ್ದಿದ್ದ ಇಂಡಿಯಾನಾವನ್ನು 20 ಗೆಲುವಿಗೆ ತಂದ ಕ್ರಿಸ್ಟಿ ಸೈಡ್ಸ್ ಕೂಡ ಅವರಲ್ಲಿ ಒಬ್ಬರು. ಪ್ರಶಸ್ತಿ ಗೆದ್ದ ಬ್ರಾಂಡೆಲೊ ಅವರ ಒಪ್ಪಂದವನ್ನು ಮರುವರ್ಷವೇ ನವೀಕರಿಸಲಿಲ್ಲ. ಹಣ, ಪ್ರೇಕ್ಷಕರು, ಟಿ.ವಿ. ಒಪ್ಪಂದ ಎಲ್ಲವೂ ಒಟ್ಟಿಗೆ ಹೆಚ್ಚಿದಾಗ ಮಾಲೀಕರಿಗೆ ಆತುರವಾಗುವುದು ಸಹಜ. ಆದರೆ ತಂಡದಲ್ಲಿರುವುದೇ ಸುಮಾರು 12 ಮಂದಿ, ಲೀಗ್ ಹಂತ ನಡೆಯುವುದು ಸುಮಾರು ನಾಲ್ಕೇ ತಿಂಗಳು. ಪ್ರತಿ ಬೇಸಿಗೆಯಲ್ಲಿ ಹೊಸ ಪದ್ಧತಿಯನ್ನು ಮೊದಲಿನಿಂದ ಕಲಿಯಬೇಕೆಂದರೆ ಧಾರವಾಡದ ಓದುಗರ ಗೆಳೆಯರು ದೂರುವ ಕೈತಪ್ಪುವ ಚೆಂಡುಗಳು ಇನ್ನೂ ಹೆಚ್ಚಾಗುತ್ತವೆ.

ಪ್ರಶ್ನೆ: ನಮ್ಮ ಹುಡುಗಿಯರು ಎತ್ತರದಲ್ಲಿ ಹಿಂದೆ. ಎಷ್ಟು ತರಬೇತಿ ಕೊಟ್ಟರೂ ಫಲವಿದೆಯೇ?
– ಓದುಗರೊಬ್ಬರು, ಮಂಡ್ಯ

ಉತ್ತರ: 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಕಪ್‌ನ ಕೆಳಹಂತವಾದ ಬಿ ವಿಭಾಗದ ಫೈನಲ್‌ನಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿದರು. ಎರಡು ವರ್ಷದ ನಂತರ ಅದೇ ಅಂಗಳದಲ್ಲಿ ಎ ವಿಭಾಗದಲ್ಲಿ ಆಡಿ ಎಂಟನೆಯ, ಅಂದರೆ ಕೊನೆಯ ಸ್ಥಾನಕ್ಕೆ ಇಳಿದರು. ಆ ಸಲ ಚೀನಾವನ್ನು 71–68ರಿಂದ ಸೋಲಿಸಿ ಗೆದ್ದದ್ದು ಜಪಾನ್, ಎತ್ತರದಲ್ಲಿ ಚೀನಾಕ್ಕಿಂತ ಬಹಳ ಕುಳ್ಳ ತಂಡ. ಅವರ ಕೋಚ್ ಟಾಮ್ ಹೊವಾಸೆ ಎತ್ತರದ ಕೊರತೆಯನ್ನು ಓಟದಿಂದಲೂ ಮೂರು ಪಾಯಿಂಟ್ ಎಸೆತಗಳಿಂದಲೂ ತುಂಬಿಕೊಳ್ಳುವ ಪದ್ಧತಿ ಕಟ್ಟಿದ್ದರು. ಅದೇ ಪದ್ಧತಿಯಲ್ಲಿ ಜಪಾನ್ ಟೋಕಿಯೊ ಒಲಿಂಪಿಕ್ಸ್‌ನ ಬೆಳ್ಳಿ ಗೆದ್ದಿತು. ಅಲ್ಲಿನ ಸೆಮಿಫೈನಲ್‌ನಲ್ಲಿ 162 ಸೆಂಟಿಮೀಟರ್ ಎತ್ತರದ ರುಯಿ ಮಾಚಿದಾ ಒಂದೇ ಪಂದ್ಯದಲ್ಲಿ 18 ಅಸಿಸ್ಟ್ ಕೊಟ್ಟರು. ಮರುವರ್ಷ ಅವರನ್ನು ವಾಷಿಂಗ್ಟನ್ ಮಿಸ್ಟಿಕ್ಸ್ ತಂಡ ಡಬ್ಲ್ಯುಎನ್‌ಬಿಎಗೆ ಕರೆಸಿಕೊಂಡಿತು.