ಸ್ಮಾರ್ಟ್ ಬೋರ್ಡಿನಲ್ಲಿ ಸ್ಲೈಡ್ ಹಾಕಿ ಪಾಠ ಮಾಡಿದರೂ ಮಕ್ಕಳ ತಲೆಯಲ್ಲಿ ಯಾಕೆ ಉಳಿಯುವುದಿಲ್ಲ?

ಎಷ್ಟೋ ಸಲ ತಪ್ಪು ಸ್ಲೈಡಿನದೇ. ಪರದೆ ತುಂಬ ಅಕ್ಷರ ಹಾಕಿ ಅದನ್ನೇ ಗಟ್ಟಿಯಾಗಿ ಓದಿದರೆ ಮಕ್ಕಳಿಗೆ ಓದಬೇಕೋ ಕೇಳಬೇಕೋ ತಿಳಿಯುವುದಿಲ್ಲ. ಹೊಸ ವಿಷಯವಾದರೆ ತಲೆ ಒಂದೇ ಸಲಕ್ಕೆ ಹಿಡಿದಿಟ್ಟುಕೊಳ್ಳುವುದು ಸುಮಾರು 4 ಅಂಶ, ಅಷ್ಟೇ.

ಹೃದಯದ ಪಾಠ ಎಂದುಕೊಳ್ಳಿ. ಬರೀ ಚಿತ್ರ ಹಾಕಿ, ವಿವರಣೆ ಬಾಯಲ್ಲಿ ಕೊಡಿ. ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಶ್ವಾಸಕೋಶ ಹೀಗೆ ರಕ್ತ ಸಾಗುವ ದಾರಿಯಲ್ಲೇ ಹೆಸರುಗಳು ಒಂದೊಂದಾಗಿ, ಆಯಾ ಭಾಗದ ಪಕ್ಕದಲ್ಲೇ ಮೂಡಲಿ. ಕೆಳಗೆ 1, 2, 3 ಎಂದು ಪಟ್ಟಿ ಕೊಟ್ಟರೆ ಕಣ್ಣು ಮೇಲೆ ಕೆಳಗೆ ಓಡಾಡುವುದರಲ್ಲೇ ಸುಸ್ತು. (ಹೃದಯದ ಬಲಭಾಗ ಚಿತ್ರದಲ್ಲಿ ನಮ್ಮ ಎಡಕ್ಕಿರುತ್ತದೆ, ಮೊದಲೇ ಹೇಳಿಬಿಡಿ.)

ಆಮೇಲೆ ಪರದೆ ಆರಿಸಿ, ನೆನಪಿನಿಂದ ಚಿತ್ರ ಬರೆಸಿ. ಎರಡು ದಿನ ಬಿಟ್ಟು ಇನ್ನೊಮ್ಮೆ. ಮತ್ತೆ ಮತ್ತೆ ಓದಿಸುವುದಕ್ಕಿಂತ ಇದು ಹೆಚ್ಚು ಕಾಲ ನಿಲ್ಲುತ್ತದೆ.