ನಿಮ್ಮ ಮಗಳು ಮಾಡುವುದು ಟ್ಯೂಬ್ ತೊಳೆಯುವ ಕೆಲಸ ಅಲ್ಲ

ಹಾಸನದ ಹತ್ತಿರದ ಹಳ್ಳಿಯಿಂದ ಒಬ್ಬ ತಂದೆ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಮಗಳು ಲ್ಯಾಬ್ ಟೆಕ್ನಾಲಜಿ ಓದಿ, ಬೆಂಗಳೂರಿನಲ್ಲಿ ವಂಶವಾಹಿ ಕಾಯಿಲೆಗಳ ಸಂಶೋಧನೆ ಮಾಡುವ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದಾಳೆ. ಪ್ರಾಜೆಕ್ಟ್ ಮೇಲಿನ ಕೆಲಸ. ಈಚೆಗೆ ಆ ಲ್ಯಾಬಿನ ಪ್ರಬಂಧ ವಿದೇಶದ ಪತ್ರಿಕೆಯಲ್ಲಿ ಬಂತಂತೆ. ಹುಡುಕಿದರೆ ಅವಳ ಹೆಸರು ಎಲ್ಲೂ ಇಲ್ಲ. ನೆಂಟರು ಬಂದು 'ಟ್ಯೂಬ್ ತೊಳೆಯೋಕೆ ಅಷ್ಟು ದೂರ ಯಾಕೆ ಕಳಿಸಿದ್ರಿ, ಬಿ.ಇಡಿ ಮಾಡಿಸಿ' ಅನ್ನುತ್ತಿದ್ದಾರೆ. ಬಿಡಿಸಿ ಕರೆದುಕೊಂಡು ಬರಲಾ, ಇದು ಅವರ ಪ್ರಶ್ನೆ.

ಬಿಡಿಸಬೇಡಿ ಸ್ವಾಮಿ.

ನೆಂಟರ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುತ್ತಿಲ್ಲ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯುತ್ತದೆ, ಸಂಬಳ ಕಡಿಮೆ, ಬೆಂಗಳೂರಿನ ಬಾಡಿಗೆ ಜಾಸ್ತಿ. ಅದು ನಿಜವಾದ ಚಿಂತೆ. ಆದರೆ 'ಟ್ಯೂಬ್ ತೊಳೆಯೋದು' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನನಗೆ ಬೇಜಾರಾದದ್ದು ಇನ್ನೊಂದು ವಿಷಯಕ್ಕೆ. ನಿಮ್ಮದು ನಾಲ್ಕು ಪುಟದ ಪತ್ರ, ಮಗಳು ದಿನವಿಡೀ ಅಲ್ಲಿ ಏನು ಮಾಡುತ್ತಾಳೆ ಅಂತ ಅದರಲ್ಲಿ ಒಂದು ಸಾಲೂ ಇಲ್ಲ. ಯಾವತ್ತಾದರೂ ಕೇಳಿದ್ದೀರಾ?

ನಾನು ಕೇಳಿದ್ದೇನೆ, ನೋಡಿದ್ದೇನೆ. ಇಂಥದ್ದೇ ಒಂದು ಲ್ಯಾಬಿನಲ್ಲಿ ಒಬ್ಬ ಹೆಣ್ಣುಮಗಳ ಪಕ್ಕ ನಿಂತು ನೋಡಿದ್ದನ್ನು ಹೇಳುತ್ತೇನೆ. ಮಗುವಿನ ಕ್ರೋಮೋಸೋಮ್, ಅಂದರೆ ಜೀವಕಣದೊಳಗೆ ವಂಶವಾಹಿಗಳನ್ನು ಹೊತ್ತ ಎಳೆಗಳನ್ನು, ನೋಡಬೇಕಾದರೆ ರಕ್ತದ ಬಿಳಿ ಕಣಗಳನ್ನು ಮೊದಲು ಬೆಳೆಸಬೇಕು. ಅವು ಸುಮ್ನೆ ಬೆಳೆಯುವುದಿಲ್ಲ. ರಾಜ್ಮಾ ಕಾಳಿನಿಂದ ತೆಗೆದ ಒಂದು ಪ್ರೋಟೀನ್ ಹಾಕಿ ಎಬ್ಬಿಸಬೇಕು, 37 ಡಿಗ್ರಿಯಲ್ಲಿ 72 ಗಂಟೆ ಇಡಬೇಕು. ಕಣ ಎರಡಾಗಿ ಒಡೆಯಲು ಹೊರಟಾಗ ತಡೆದು ನಿಲ್ಲಿಸಬೇಕು. ಆ ಕೆಲಸಕ್ಕೆ ಬಂದದ್ದು ಕಾಲ್ಚಿಸಿನ್, ನಮ್ಮ ಮಲೆನಾಡಿನ ಬೇಲಿಯಲ್ಲಿ ಗೌರಿ ಹಬ್ಬದ ಹೊತ್ತಿಗೆ ಅರಳುವ ಗೌರಿ ಹೂವಿನ ಗೆಡ್ಡೆಯಲ್ಲಿರುವ ಅದೇ ವಿಷ. ಆಮೇಲೆ ಉಪ್ಪು ಕಡಿಮೆ ಇರುವ ನೀರಿನಲ್ಲಿ ಕಣಗಳನ್ನು ಉಬ್ಬಿಸಬೇಕು. ಸ್ವಲ್ಪ ಹೊತ್ತು ಹೆಚ್ಚಾದರೆ ಒಡೆದುಹೋಗುತ್ತವೆ, ಕಡಿಮೆಯಾದರೆ ಕ್ರೋಮೋಸೋಮುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಕೊನೆಗೆ ಗಾಜಿನ ಸ್ಲೈಡ್ ಮೇಲೆ ಒಂದೊಂದೇ ಹನಿ ಬೀಳಿಸಬೇಕು. ಆ ಹುಡುಗಿ ಹನಿ ಬೀಳಿಸುವ ಮೊದಲು ಸ್ಲೈಡಿನ ಮೇಲೆ ಹಾ ಅಂತ ಉಸಿರು ಬಿಟ್ಟಳು. ಯಾಕಮ್ಮಾ ಎಂದೆ. 'ಗಾಳಿ ಒಣಗಿದೆ ಸಾರ್, ತೇವ ಇಲ್ಲದಿದ್ರೆ ಸರಿಯಾಗಿ ಹರಡಲ್ಲ. ಮಳೆಗಾಲದಲ್ಲಿ ಬೇರೆ ಲೆಕ್ಕ' ಎಂದಳು. ಹವಾಮಾನ ನೋಡಿ ಕೈ ಬದಲಿಸುವುದು ಪುಸ್ತಕ ಓದಿದರೆ ಬರುತ್ತದಾ? ನಮ್ಮ ಕಡೆ ಕಾಫಿ ಒಣಗಿಸುವವರನ್ನು ಕೇಳಿ, ಹರಡಿದ ಕಾಫಿಯ ಮೇಲೆ ಕಾಲಿಟ್ಟೇ ಎಷ್ಟು ಒಣಗಿದೆ ಅಂತ ಹೇಳುತ್ತಾರೆ.

ಆ ಉಪ್ಪು ಕಡಿಮೆ ನೀರಿಗೂ ಒಂದು ಕತೆ ಇದೆ. ಮನುಷ್ಯನಿಗೆ 48 ಕ್ರೋಮೋಸೋಮ್ ಅಂತ ದಶಕಗಳ ಕಾಲ ಎಲ್ಲರೂ ನಂಬಿದ್ದರು. 1952ರ ಸುಮಾರಿಗೆ ಅಮೆರಿಕದ ಟೆಕ್ಸಾಸಿನಲ್ಲಿ ಟಿ. ಸಿ. ಶೂ ಎಂಬ ವಿಜ್ಞಾನಿಗೆ ಒಂದು ದಿನ ಸ್ಲೈಡಿನಲ್ಲಿ ಕ್ರೋಮೋಸೋಮುಗಳು ಚೆನ್ನಾಗಿ ಬಿಡಿಬಿಡಿಯಾಗಿ ಕಂಡವು. ಮತ್ತೆ ಮಾಡಲು ಹೋದರೆ ಬರಲಿಲ್ಲ. ತಿಂಗಳುಗಟ್ಟಲೆ ಹೆಣಗಾಡಿದ ಮೇಲೆ ಕಾರಣ ಸಿಕ್ಕಿತು. ಯಾರೋ ಟೆಕ್ನಿಷಿಯನ್ ದ್ರಾವಣ ಕಲಸುವಾಗ ಅಳತೆ ತಪ್ಪಿ ಉಪ್ಪು ಕಡಿಮೆ ಆಗಿತ್ತು. ಆ ಟೆಕ್ನಿಷಿಯನ್ ಯಾರು ಅಂತ ಶೂ ಅವರಿಗೆ ಕೊನೆಗೂ ತಿಳಿಯಲಿಲ್ಲ. ಅದೇ ಉಪಾಯ ಹಿಡಿದು 1955ರ ಡಿಸೆಂಬರಿನಲ್ಲಿ ಸ್ವೀಡನ್ನಿನಲ್ಲಿ ಜೋ ಹಿನ್ ಜಿಯೋ ಎಣಿಸಿದರು, 46 ಬಂತು. ಲೆಕ್ಕ ಸರಿಹೋಯಿತು, ದಾರಿ ತೆರೆದ ಕೈಯ ಹೆಸರು ಮಾತ್ರ ಕಳೆದೇಹೋಯಿತು.

ಮಾರ್ಥ್ ಗೋತಿಯೆ ಟೆಕ್ನಿಷಿಯನ್ ಅಲ್ಲ, ಪ್ಯಾರಿಸ್ಸಿನ ಡಾಕ್ಟರು. ಆದರೂ ಅವರಿಗೆ ಆದದ್ದೂ ಇದೇ. ಡೌನ್ ಸಿಂಡ್ರೋಮಿಗೆ ಕಾರಣ ಒಂದು ಹೆಚ್ಚುವರಿ ಕ್ರೋಮೋಸೋಮ್ ಅಂತ ಜಗತ್ತಿಗೆ ಗೊತ್ತಾಗಲು ಬೇಕಾದ ಕಣಗಳನ್ನು ಬೆಳೆಸಿದ್ದು ಅವರ ಕೈ. 1959ರ ಪ್ರಬಂಧದಲ್ಲಿ ಮೊದಲ ಹೆಸರು ಜೊತೆಗೆ ಕೆಲಸ ಮಾಡಿದ ಜೆರೋಮ್ ಲೆಜನ್ ಅವರದು, ಕೀರ್ತಿಯೂ ಅವರಿಗೇ ಹೋಯಿತು. ಫ್ರಾನ್ಸಿನ ವೈದ್ಯಕೀಯ ಸಂಶೋಧನಾ ಸಂಸ್ಥೆಯ ನೈತಿಕ ಸಮಿತಿ ಆಕೆಯ ಪಾಲನ್ನು ಎತ್ತಿ ಹೇಳಿದ್ದು 2014ರಲ್ಲಿ. ಅಷ್ಟು ಹೊತ್ತಿಗೆ ಆಕೆಗೆ ತೊಂಬತ್ತು ಸಮೀಪಿಸಿತ್ತು.

ಇದೆಲ್ಲ ದೂರದ ಮಾತು ಅಂದುಕೊಳ್ಳಬೇಡಿ. ಹಂದಿಗೋಡು ಕಾಯಿಲೆ ಕೇಳಿದ್ದೀರಲ್ವಾ? 1970ರ ದಶಕದಲ್ಲಿ ಸಾಗರ ತಾಲ್ಲೂಕಿನಲ್ಲಿ ಬೆಳಕಿಗೆ ಬಂತು, ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೂ ಇದೆ. ಸೊಂಟ, ಮಂಡಿ ಸವೆದು ನಡೆಯಲಾಗದಂತೆ ಮಾಡುವ ಕಾಯಿಲೆ. ಮೊದಲು ಗದ್ದೆಗೆ ಹೊಡೆದ ವಿಷ ಏಡಿಗೆ ಸೇರಿ, ಏಡಿ ತಿಂದವರಿಗೆ ಬಂತು ಅಂದರು. ಆಮೇಲೆ ಕುಟುಂಬ ಕುಟುಂಬವನ್ನೇ ನೋಡಿದಾಗ ಅದು ವಂಶದಲ್ಲಿ ಹರಿದು ಬರುವುದು ಅಂತ ಗೊತ್ತಾಯಿತು. ಇಂಥ ಮನೆಗಳಿಂದ ತಂದ ರಕ್ತವನ್ನು ಕೆಡದಂತೆ ಕಾಯುವುದು, ಒಬ್ಬರದನ್ನು ಇನ್ನೊಬ್ಬರದಕ್ಕೆ ಬೆರೆಸದೆ ಡಿಎನ್‌ಎ ತೆಗೆಯುವುದು ಟೆಕ್ನಿಷಿಯನ್ನೇ. ನನಗೆ ಗೊತ್ತಿರುವ ಒಂದು ಮಗುವಿನ ರಕ್ತವನ್ನು ಡಿಎನ್‌ಎ ಪರೀಕ್ಷೆಗೆ ಅಂತ ನೇರಳೆ ಮುಚ್ಚಳದ ಟ್ಯೂಬಿನ ಬದಲು ಹಸಿರು ಮುಚ್ಚಳದ್ದರಲ್ಲಿ ಕಳಿಸಿದ್ದರು. ರಕ್ತ ಹೆಪ್ಪುಗಟ್ಟದಂತೆ ಹಸಿರಿನಲ್ಲಿ ಹಾಕಿರುವ ಹೆಪಾರಿನ್, ಡಿಎನ್‌ಎಯ ಪ್ರತಿಗಳನ್ನು ಮಾಡುವ ಪಿಸಿಆರ್ ಕೆಲಸವನ್ನೇ ತಡೆಯುತ್ತದೆ. ಡಬ್ಬ ತೆರೆದ ಕೂಡಲೇ ಹಿಡಿದು ಫೋನ್ ಮಾಡಿಸಿದವಳು ಒಬ್ಬ ಟೆಕ್ನಿಷಿಯನ್. ರಿಪೋರ್ಟಿನ ಕೆಳಗೆ ಸಹಿ ಇದ್ದದ್ದು ಬೇರೆಯವರದು.

ನಮ್ಮಲ್ಲಿ ಎಲ್ಲ ಕಡೆ ಹೀಗೇ ಆಗಿದೆ. ಆಸ್ಪತ್ರೆ ಉದ್ಘಾಟನೆಯ ಕಲ್ಲು ನೋಡಿ. ಮಂತ್ರಿ, ಸಂಸದರು, ಶಾಸಕರು, ಅಧ್ಯಕ್ಷರು ಎಲ್ಲರೂ ಇರುತ್ತಾರೆ, ಗೋಡೆ ಎಬ್ಬಿಸಿದ ಮೇಸ್ತ್ರಿ ಇರುವುದಿಲ್ಲ. ನಮ್ಮ ಜಿಲ್ಲೆಗಳು ಮೊದಲಿಂದ ಹೀಗಿರಲಿಲ್ಲ. 1117ರ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮದನಿಕೆಯರ ಕೆಳಗೆ ಹೆಸರು ಕೊರೆದಿದ್ದಾರೆ. ಜಾವಗಲ್ಲಿನಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರಿದೆ. ಕಟ್ಟಿಸಿದ ರಾಜ ಅದಕ್ಕೆ ಅಡ್ಡಿ ಮಾಡಲಿಲ್ಲ. ಒಂಬೈನೂರು ವರ್ಷದ ಹಿಂದೆ ಕಲ್ಲುಕುಟಿಗನಿಗೆ ಸಿಕ್ಕ ಮರ್ಯಾದೆ ಇವತ್ತು ಲ್ಯಾಬಿನಲ್ಲಿ ಹನಿ ಅಳೆಯುವ ಪಿಪೆಟ್ ಹಿಡಿದವಳಿಗೆ ಸಿಗುತ್ತಿಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ.

ಇನ್ನು ನೀವು ಮಾಡಬೇಕಾದದ್ದು. ಬರೀ ಕೈಕೆಲಸ ಮಾಡಿದವರಿಗೆ ಲೇಖಕರ ಪಟ್ಟಿಯಲ್ಲಿ ಜಾಗ ಇಲ್ಲ, ಕೃತಜ್ಞತೆಯಲ್ಲಿ ಹೆಸರಿಸಿದರೆ ಸಾಕು ಅನ್ನುವುದು ದೊಡ್ಡ ಪತ್ರಿಕೆಗಳ ನಿಯಮ. ಹಾಗಿದ್ದರೂ ಆ ಕೃತಜ್ಞತೆಯ ಸಾಲಾದರೂ ಬರಲೇಬೇಕಲ್ವಾ? ವಿಧಾನದಲ್ಲಿ ಅವಳದೇ ತಿದ್ದುಪಡಿ ಇದ್ದು, ಬರೆಯುವುದರಲ್ಲೂ ಕೈಜೋಡಿಸಿದ್ದರೆ ಲೇಖಕಿಯ ಜಾಗವನ್ನೇ ಕೇಳಬಹುದು. ಮುಂದಿನ ಕೆಲಸ ಶುರುವಾಗುವ ಮೊದಲೇ ಕೇಳಲಿ, ಪ್ರಬಂಧ ಅಚ್ಚಾದ ಮೇಲೆ ಅಲ್ಲ. ತಾನು ಮಾಡಿದ್ದನ್ನು ತಾರೀಖು ಹಾಕಿ ಲ್ಯಾಬ್ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ 2021ರ ಕಾಯ್ದೆ ವೈದ್ಯಕೀಯ ಲ್ಯಾಬ್ ವೃತ್ತಿಯವರನ್ನೂ ತನ್ನ ಪಟ್ಟಿಗೆ ಸೇರಿಸಿದೆ. ಅದನ್ನೂ ಓದಿಕೊಳ್ಳಲಿ.

ಬಿ.ಇಡಿ ವಿಷಯ ಅವಳನ್ನೇ ಕೇಳಿ, ನೆಂಟರನ್ನಲ್ಲ. ಹಾಗೇ ಒಂದು ಹನಿ ರಕ್ತದಿಂದ ಕ್ರೋಮೋಸೋಮ್ ಚಿತ್ರದವರೆಗೆ ಏನೇನು ಆಗುತ್ತದೆ ಅಂತ ನಮ್ಮ ಪತ್ರಿಕೆಗೆ ಬರೆಯಲು ಹೇಳಿ. ಎಷ್ಟು ಪುಟ ಆದರೂ ಪರವಾಗಿಲ್ಲ. ಅವಳು ಒಪ್ಪಿದರೆ ಪೂರ್ತಿ ಹೆಸರು ಹಾಕಿಯೇ ಅಚ್ಚು ಮಾಡುತ್ತೇವೆ.

ಸಂಪಾದಕ